ಡೀಸೆಲ್ ಎಲ್ಲಿಂದ ಸೋರುತ್ತಿದೆ? ಹಳೆಯ ಗಾಡಿ ಕೊಂಡವರಿಗೊಂದು ಪಾಠ

ಶಹಾಪುರವಿರಲಿ, ಸುರಪುರವಿರಲಿ, ಯಾವ ಗ್ಯಾರೇಜಿನ ಮುಂದೆ ಅರ್ಧ ದಿನ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ.

“ಉಸ್ತಾದ್, ಗಾಡಿ ಡೀಸೆಲ್ ಸೋರ್ಲಾಕತ್ತದ ನೋಡ್ರಿ.”

“ಎಲ್ಲಿಂದ್ರಿ?”

“ಕೆಳಗಿಂದ.”

ಸೋರಿದ್ದೆಲ್ಲ ಕೆಳಗೇ ಬೀಳುವುದು. ಮಿಸ್ತ್ರಿಗೆ ಬೇಕಾದದ್ದು ಅದು ಹೊರಟ ಜಾಗ. ಅದನ್ನು ಹುಡುಕುವುದು ಹೇಗೆ ಎಂಬುದಷ್ಟೇ ಈ ಪಾಠ. ಪಾನಾ ಹಿಡಿದು ಗೊತ್ತಿಲ್ಲದವರಿಗೂ, ಐಟಿಐನ ಮೆಕ್ಯಾನಿಕ್ ಡೀಸೆಲ್ ಟ್ರೇಡಿಗೆ ಈಗಷ್ಟೇ ಸೇರಿದ ಹುಡುಗರಿಗೂ ಅರ್ಥವಾಗಲಿ ಎಂದು ನಿಧಾನವಾಗಿ ಬರೆಯುತ್ತಿದ್ದೇನೆ. ದುರಸ್ತಿ ಬೇರೆ ವಿದ್ಯೆ, ಅದಕ್ಕೆ ಕೈ ಪಳಗಬೇಕು. ಹುಡುಕುವುದಕ್ಕೆ ಒಂದು ಟಾರ್ಚು, ಒಂದಿಷ್ಟು ಹಳೆಯ ಬಿಳಿ ಬಟ್ಟೆ, ನಾಲ್ಕು ಹಾಳೆ ಪೇಪರು ಸಾಕು. ಅವಸರ ಮಾತ್ರ ಬೇಡ.

ಯಾದಗಿರಿ, ಶಹಾಪುರ, ಸುರಪುರದ ನಡುವೆ ಓಡುವ ಗಾಡಿಗಳನ್ನೊಮ್ಮೆ ನೋಡಿ. ಕೂಲಿಯವರನ್ನೂ ಮದುವೆಯ ದಿಬ್ಬಣವನ್ನೂ ಒಯ್ಯುವ ಕ್ರೂಸರ್, ಹೊಲದ ಬದುವಿನವರೆಗೂ ಹೋಗುವ ಬೊಲೆರೊ, ಬಾಡಿಗೆಗೆ ಓಡಿ ಸವೆದು ಮನೆಗೆ ಬಂದ ಟವೇರಾ, ಇನ್ನೋವಾ, ಮೇಷ್ಟ್ರುಗಳ ಡಿಸೈರ್. ಇವುಗಳಲ್ಲಿ ಎರಡನೆಯ, ಮೂರನೆಯ ಕೈಗೆ ಬಂದ ಡೀಸೆಲ್ ಗಾಡಿಗಳಿಗೇನು ಬರವಿಲ್ಲ. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದಾಗ ಮಾರುತಿ ಕಂಪನಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಹಾಗಾಗಿ ಇಂದು ಕೈ ಬದಲಾಗುವ ಡೀಸೆಲ್ ಸ್ವಿಫ್ಟ್, ಡಿಸೈರ್ ಎಲ್ಲವೂ ಅದಕ್ಕೆ ಹಿಂದಿನವೇ. ಲೋಹ ಅಷ್ಟು ವರ್ಷ ತಡೆದೀತು. ರಬ್ಬರು ತಡೆಯುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಹೊರಗೇ 42, 43 ಡಿಗ್ರಿ ಇರುವಾಗ ಬಾನೆಟ್ಟಿನೊಳಗಿನ ರಬ್ಬರ್ ಪೈಪು, ಓ-ರಿಂಗುಗಳು ಕಾದು ಕಾದು ಗಡುಸಾಗಿ ಬಿರಿಯುತ್ತವೆ. ಹಳೆಯ ಗಾಡಿಯ ಸೋರಿಕೆಗಳಲ್ಲಿ ಬಹಳಷ್ಟು ಹೀಗೆ ಗಡುಸಾದ ರಬ್ಬರಿನವೇ ಎಂಬುದು ಆರಂಭದಲ್ಲೇ ತಿಳಿದಿದ್ದರೆ ‘ಪಂಪು ಹೋಗಿದೆ’ ಎಂದು ಯಾರಾದರೂ ಅಂದ ಕೂಡಲೇ ಎದೆ ಧಸಕ್ ಎನ್ನುವುದಿಲ್ಲ.

ಮೊದಲು ಒಂದು ಅನುಮಾನ ತೀರಲಿ. ಸೋರುತ್ತಿರುವುದು ಡೀಸೆಲ್ಲೇ ಹೌದೋ ಅಲ್ಲವೋ? ಏಸಿ ಹಾಕಿ ಓಡಿಸಿದ ಗಾಡಿ ನಿಂತಲ್ಲಿ ನೀರು ಬಿಡುವುದು ಸಹಜ, ಅದಕ್ಕೆ ವಾಸನೆ ಇರುವುದಿಲ್ಲ. ರೇಡಿಯೇಟರಿನ ಕೂಲಂಟ್ ಹಸಿರೋ ಗುಲಾಬಿಯೋ ಇರುತ್ತದೆ, ವಾಸನೆ ಸ್ವಲ್ಪ ಸಿಹಿ. ಎಂಜಿನ್ ಆಯಿಲ್ ಡೀಸೆಲ್ ಗಾಡಿಯಲ್ಲಿ ಕಪ್ಪು. ಪವರ್ ಸ್ಟೇರಿಂಗ್ ಆಯಿಲ್ ಬಹಳ ಗಾಡಿಗಳಲ್ಲಿ ಕೆಂಪು. ಡೀಸೆಲ್ ತೆಳ್ಳಗೆ, ಜಿಡ್ಡುಜಿಡ್ಡಾಗಿ, ಕೈ ತೊಳೆದರೂ ಬಿಡದ ವಾಸನೆಯೊಂದಿಗೆ ಇರುತ್ತದೆ. ರಾತ್ರಿ ಗಾಡಿ ನಿಲ್ಲಿಸುವಾಗ ಕೆಳಗೆ ಹಳೆಯ ಪೇಪರು ಹಾಸಿ, ಗಾಳಿಗೆ ಹಾರದಂತೆ ಕಲ್ಲು ಇಡಿ. ಮುಂದಿನ ಗಾಲಿ ಎಲ್ಲಿತ್ತು, ಹಿಂದಿನದು ಎಲ್ಲಿತ್ತು ಎಂದು ಪೇಪರಿನ ಮೇಲೇ ಗುರುತು ಹಾಕಿ. ಬೆಳಿಗ್ಗೆ ನೀರಿನ ಕಲೆಯಾದರೆ ಒಣಗಿ ಹೋಗುತ್ತದೆ. ಡೀಸೆಲ್ ಬಿದ್ದ ಜಾಗ ಬೆಳಕಿಗೆ ಹಿಡಿದರೆ ಆಚೆ ಕಾಣುವಂತೆ ಪಾರದರ್ಶಕವಾಗಿ ಉಳಿಯುತ್ತದೆ. ಸೆಕೆಂಡಿಗೆ ಒಂದೇ ಹನಿ ಬಿದ್ದರೂ ಇಪ್ಪತ್ನಾಲ್ಕು ಗಂಟೆಯಲ್ಲಿ ಲೀಟರ್ ಮೀರಿ ಹೋಗುತ್ತದೆ. ಆದ್ದರಿಂದ ‘ಹನಿ ತಾನೆ’ ಎಂದು ಬಿಡಬೇಡಿ.

ಈಗ ಡೀಸೆಲ್ ಓಡಾಡುವ ದಾರಿ. ಟಾಕಿಯಿಂದ ಹೊರಟದ್ದು ಗಾಡಿಯ ಹೊಟ್ಟೆಯ ಕೆಳಗಿನ ಪೈಪಿನಲ್ಲಿ ಮುಂದೆ ಬಂದು ಫಿಲ್ಟರಿಗೆ ಸೇರುತ್ತದೆ. ಫಿಲ್ಟರಿನಿಂದ ಪಂಪಿಗೆ. ಪಂಪು ಅದನ್ನು ಒತ್ತಡ ಕೊಟ್ಟು ಉಕ್ಕಿನ ಪೈಪುಗಳಲ್ಲಿ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳಿಗೆ ಕಳಿಸುತ್ತದೆ. ನಾಜಲ್‌ನಲ್ಲಿ ಮಿಕ್ಕಿದ್ದು ಬೆರಳಿಗಿಂತ ಸಪೂರವಾದ ರಿಟರ್ನ್ ಪೈಪಿನಲ್ಲಿ ಮತ್ತೆ ಟಾಕಿಗೆ ಮರಳುತ್ತದೆ. ದಾರಿ ಒಂದೇ, ಆದರೆ ಒತ್ತಡ ಎಲ್ಲ ಕಡೆ ಒಂದೇ ಅಲ್ಲ. ಟಾಕಿಯಿಂದ ಪಂಪಿನವರೆಗೆ ಬಹಳ ಕಡಿಮೆ. ಪಂಪಿನಿಂದ ನಾಜಲ್‌ವರೆಗೆ ವಿಪರೀತ. ರಿಟರ್ನಿನಲ್ಲಿ ಮತ್ತೆ ಕಡಿಮೆ. ಎಲ್ಲಿ ಕೈ ಹಾಕಬಹುದು, ಎಲ್ಲಿ ಹಾಕಬಾರದು ಎಂಬುದನ್ನು ನಿರ್ಧರಿಸುವುದು ಈ ಒತ್ತಡವೇ.

ನಿಮ್ಮ ಗಾಡಿ ಯಾವ ತಲೆಮಾರಿನದು ಎಂಬುದೂ ಗೊತ್ತಿರಬೇಕು. ಮೊದಲ ಇಂಡಿಕಾ, ಹಳೆಯ ಸುಮೊದಂಥವುಗಳಲ್ಲಿ ಹಳೇ ಪದ್ಧತಿಯ ಪಂಪು, ಒಂದೊಂದು ನಾಜಲ್‌ಗೂ ಒಂದೊಂದು ಉಕ್ಕಿನ ಪೈಪು. ಅಲ್ಲಿ ನಾಜಲ್ ತೆರೆದುಕೊಳ್ಳುವುದು ನೂರರಿಂದ ಇನ್ನೂರೈವತ್ತು ಬಾರ್ ಒತ್ತಡದ ಸುಮಾರಿಗೆ. ಗಾಡಿಯ ಹಿಂದೆ ಸಿಆರ್‌ಡಿಇ, ಡಿಡಿಐಎಸ್, ಡಿ-4ಡಿ ಎಂದೇನಾದರೂ ಬರೆದಿದ್ದರೆ ಅದು ಕಾಮನ್ ರೈಲ್, ಅಂದರೆ ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ನಾಜಲ್‌ಗಳಿಗೂ ಒತ್ತಡದ ಡೀಸೆಲ್ ಹಂಚುವ ಪದ್ಧತಿ. ಸ್ವಿಫ್ಟಿನಲ್ಲಿ ಬಂದ ಫಿಯೆಟ್ ಮೂಲದ 1.3 ಲೀಟರ್ ಎಂಜಿನ್ನಿನಲ್ಲಿ ಈ ಒತ್ತಡ 1600 ಬಾರ್‌ವರೆಗೆ ಏರುತ್ತದೆ. ಕಾರಿನ ಟಯರಿಗೆ ನಾವು ತುಂಬಿಸುವ ಗಾಳಿ ಎರಡು ಬಾರ್ ಚಿಲ್ಲರೆ. ಲೆಕ್ಕ ನೀವೇ ಹಾಕಿ.

ಹುಡುಕಾಟ ಕಣ್ಣಿನಿಂದಲ್ಲ, ಪ್ರಶ್ನೆಯಿಂದ ಶುರುವಾಗಲಿ. ಯಾವಾಗ ಸೋರುತ್ತದೆ? ರಾತ್ರಿ ನಿಂತಾಗ ಮಾತ್ರವೋ, ಎಂಜಿನ್ ಚಾಲೂ ಇದ್ದಾಗ ಮಾತ್ರವೋ? ಟಾಕಿ ತುಂಬಿಸಿದ ದಿನವಷ್ಟೇ ವಾಸನೆ ಬರುತ್ತದೆಯೋ? ಏರು ಹತ್ತಿದ ಮೇಲೋ? ಫಿಲ್ಟರ್ ಬದಲಿಸಿದ ಮರುದಿನದಿಂದಲೋ? ಈ ಕೊನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಬೇರೆಲ್ಲೂ ಹೋಗಬೇಡಿ, ನಿನ್ನೆ ಕೈ ತಗುಲಿದ ಜಾಗವನ್ನೇ ಮೊದಲು ನೋಡಿ. ಫಿಲ್ಟರಿನ ಓ-ರಿಂಗ್ ಸರಿಯಾಗಿ ಕೂರದೆ ಮಡಚಿಕೊಳ್ಳುವುದು, ಹಳೆಯ ರಿಂಗು ಮೇಲೇ ಅಂಟಿಕೊಂಡಿದ್ದು ಹೊಸದು ಅದರ ಮೇಲೆ ಕೂರುವುದು, ಕೆಳಗಿನ ನೀರು ಬಿಡುವ ಸ್ಕ್ರೂ ಪೂರ್ತಿ ಬಿಗಿಯಾಗದಿರುವುದು, ಇವೆಲ್ಲ ದಿನನಿತ್ಯದ ಸಂಗತಿಗಳು. ಬಿಗಿ ಮಾಡಿದರೆ ನಿಲ್ಲುತ್ತದೆಂದು ಪಾನಾ ಜಗ್ಗುವುದೂ ತಪ್ಪು. ಫಿಲ್ಟರ್ ಕೂರುವ ಅಲ್ಯೂಮಿನಿಯಂ ಮನೆ ಸೀಳಿದರೆ ಕೆಲವೇ ರೂಪಾಯಿಯ ಕೆಲಸ ಸಾವಿರಕ್ಕೆ ಹೋಗುತ್ತದೆ.

ಇನ್ನು ನೋಡುವ ಕೆಲಸ. ನಮ್ಮೂರಿನ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೀರು ಅಡುಗೆಮನೆಯಲ್ಲಿ ತೊಟ್ಟಿಕ್ಕುತ್ತದೆ, ತೂತು ಬಿದ್ದಿರುವುದು ಪಡಸಾಲೆಯ ಮೇಲೆ. ನಡುವೆ ಅದು ಜಂತಿ ಹಿಡಿದುಕೊಂಡು ಹರಿದು ಬಂದಿರುತ್ತದೆ. ಡೀಸೆಲ್ಲೂ ಪೈಪು, ವೈರು, ಎಂಜಿನ್ನಿನ ಅಂಚು ಹಿಡಿದು ಜಾರುತ್ತದೆ. ಅದರ ಮೇಲೆ ರೇಡಿಯೇಟರ್ ಫ್ಯಾನಿನ ಗಾಳಿ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ಎರಚುತ್ತದೆ. ಹಾಗಾಗಿ ಒದ್ದೆ ಕಂಡ ಕಡೆಗೆ ಬೆರಳು ಮಾಡಬೇಡಿ. ಒದ್ದೆಯ ಮೇಲಿನ ತುದಿ ಯಾವುದು, ಮುಂದಿನ ತುದಿ ಯಾವುದು ಎಂದು ನೋಡುತ್ತ ಹೋಗಿ. ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಮುಂದಿನ ಒದ್ದೆ ಎಲ್ಲಿದೆಯೋ ಅದರ ಅಕ್ಕಪಕ್ಕದಲ್ಲೇ ಕಳ್ಳ ಕೂತಿರುತ್ತಾನೆ.

ನಮ್ಮ ಧೂಳು ಈ ವಿಷಯದಲ್ಲಿ ಉಪಕಾರಿ. ಎರೆಮಣ್ಣಿನ ಧೂಳು ಡೀಸೆಲ್ ಜಿಡ್ಡಿಗೆ ಅಂಟಿಕೊಂಡು ಕಪ್ಪು ಮೆತ್ತನೆಯ ಪದರ ಕಟ್ಟುತ್ತದೆ. ಅದು ದಪ್ಪಗಿದ್ದರೆ ಸೋರಿಕೆ ಹಳೆಯದು, ನಿಧಾನದ್ದು. ಆ ಪದರದ ನಡುವೆ ಒಂದು ಗೆರೆಯಷ್ಟು ಜಾಗ ತೊಳೆದಂತೆ ಥಳಥಳ ಹೊಳೆಯುತ್ತಿದ್ದರೆ ಅಲ್ಲಿ ಈಗ ಡೀಸೆಲ್ ಹರಿಯುತ್ತಿದೆ ಎಂದು ಅರ್ಥ. ಇದನ್ನು ಗಮನಿಸಿದ ಮೇಲಷ್ಟೇ ತೊಳೆಯಿರಿ. ಮೊದಲೇ ತೊಳೆದುಬಿಟ್ಟರೆ ಈ ಸಾಕ್ಷಿ ಚರಂಡಿ ಪಾಲಾಗುತ್ತದೆ.

ಆದರೆ ತೊಳೆಯಲೇಬೇಕು. ತೊಳೆಯದೆ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆಯೇ. ಎಂಜಿನ್ ಪೂರ್ತಿ ತಣ್ಣಗಾಗಲಿ. ಡೈನಮೊ, ಫ್ಯೂಸ್ ಡಬ್ಬಿ, ವೈರಿನ ಸಾಕೆಟ್ಟುಗಳಿಗೆ ಪ್ಲಾಸ್ಟಿಕ್ ಕಟ್ಟಿ. ಸೋಪಿನ ನೀರು, ಬ್ರಷ್ ಸಾಕು. ಪೆಟ್ರೋಲ್ ಹಾಕಿ ತೊಳೆಯುವ ಚಾಳಿ ಕೆಲವು ಕಡೆ ಇದೆ, ಅದು ಬೆಂಕಿಗೆ ವೀಳ್ಯ ಕೊಟ್ಟಂತೆ, ಬೇಡ. ಕಟ್ಟಿದ ಪ್ಲಾಸ್ಟಿಕ್ ಬಿಚ್ಚಿ, ಒರೆಸಿ, ಒಣಗಿಸಿ, ಅನುಮಾನವಿರುವ ಕೂಡಿಕೆಗಳ ಸುತ್ತ ಮುಖಕ್ಕೆ ಹಚ್ಚುವ ಪೌಡರನ್ನೋ ಬೋರ್ಡಿಗೆ ಬರೆಯುವ ಚಾಕಿನ ಪುಡಿಯನ್ನೋ ತೆಳ್ಳಗೆ ಉದುರಿಸಿ. ಎಂಜಿನ್ ಶುರು ಮಾಡಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬಂದ್ ಮಾಡಿ, ಟಾರ್ಚು ಹಾಕಿ ನೋಡಿ. ಬಿಳಿ ಪುಡಿಯ ಮೇಲೆ ಮೊದಲು ಒಂದು ಬೂದು ಚುಕ್ಕೆ ಮೂಡುತ್ತದೆ, ನಿಧಾನಕ್ಕೆ ಕೆಳಗೆ ಬಾಲ ಬೆಳೆಯುತ್ತದೆ. ಬಾಲ ನೋಡಬೇಡಿ, ಚುಕ್ಕೆ ನೋಡಿ. ದೊಡ್ಡ ವರ್ಕ್‌ಶಾಪುಗಳಲ್ಲಿ ಡೀಸೆಲ್‌ಗೆ ಹೊಳೆಯುವ ಬಣ್ಣ ಬೆರೆಸಿ ನೇರಳೆ ದೀಪದಲ್ಲಿ ನೋಡುತ್ತಾರೆ; ತತ್ವ ಒಂದೇ.

ಬಾನೆಟ್ಟಿನೊಳಗೆ ನಾನು ಮೊದಲು ನೋಡಲು ಹೇಳುವುದು ರಿಟರ್ನ್ ಪೈಪುಗಳನ್ನು. ನಾಜಲ್‌ಗಳ ತಲೆಯಿಂದ ತಲೆಗೆ ಹೋಗುವ, ಮೇಲೆ ಬಟ್ಟೆಯ ಹೆಣಿಗೆಯಿರುವ ಸಣ್ಣ ರಬ್ಬರ್ ಪೈಪುಗಳಿವು. ಬೆಲೆ ಅಲ್ಪ, ಆಯುಷ್ಯವೂ ಅಲ್ಪ. ಬೆರಳಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಒಳ್ಳೆಯ ಪೈಪು ಬಾಗಿ ಮತ್ತೆ ನೆಟ್ಟಗಾಗುತ್ತದೆ, ಸತ್ತ ಪೈಪು ಒಣ ಕಡ್ಡಿಯಂತೆ ಸಣ್ಣ ಸದ್ದು ಮಾಡಿ ಬಿರುಕು ತೋರಿಸುತ್ತದೆ. ಇನ್ನೊಂದು ಕಾರಣವನ್ನು ನಮ್ಮ ಕಡೆಯವರು ಮರೆಯಬಾರದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಭತ್ತ ಬಂತು, ಭತ್ತದ ಚೀಲ ಇಟ್ಟಲ್ಲಿ ಇಲಿ ಬಂತು. ರಾತ್ರಿ ಬೆಚ್ಚಗಿನ ಎಂಜಿನ್ನಿನ ಮೇಲೆ ಬಂದು ಮಲಗುವ ಇಲಿಗೆ ರಬ್ಬರ್ ಪೈಪು ಬಾಯಾಡಿಸುವ ವಸ್ತು. ಪೈಪಿನ ಮೇಲೆ ಜೋಡಿ ಜೋಡಿ ಹಲ್ಲಿನ ಗೀರು, ಹತ್ತಿರದಲ್ಲೇ ಅಕ್ಕಿ ಕಾಳಿನಂಥ ಕರಿ ಹಿಕ್ಕೆ ಕಂಡರೆ ಮಿಸ್ತ್ರಿಯನ್ನು ದೂರಬೇಡಿ. ಪೈಪು ಬದಲಿಸುವಾಗ ಡೀಸೆಲ್‌ಗೆಂದೇ ಮಾಡಿದ ಪೈಪು ಹಾಕಿಸಿ. ನೀರಿನ ಪೈಪು ತುಂಡು ಮಾಡಿ ಹಾಕಿದರೆ ಕೆಲ ದಿನಕ್ಕೆ ಉಬ್ಬಿ ಮೆತ್ತಗಾಗಿ ಬಾಯಿ ಬಿಡುತ್ತದೆ.

ಆಮೇಲೆ ತಾಮ್ರದ ವಾಷರುಗಳು. ನಡುವೆ ತೂತಿರುವ ಬಂಜೊ ಬೋಲ್ಟು ಹಿಡಿದಿಡುವ ಪೈಪಿನ ತಲೆಯ ಎರಡೂ ಬದಿ ಇವಿರುತ್ತವೆ. ಒಮ್ಮೆ ಒತ್ತಿಸಿಕೊಂಡ ವಾಷರು ಗಡುಸಾಗುತ್ತದೆ, ಮತ್ತೆ ಅದನ್ನೇ ಹಾಕಿದರೆ ಸೋರುವ ಸಂಭವ ಹೆಚ್ಚು. ಹಳೆಯ ಉಸ್ತಾದರು ಅದನ್ನು ಕೆಂಪಗೆ ಕಾಯಿಸಿ ತಣಿಸಿ ಮತ್ತೆ ಹಾಕುತ್ತಾರೆ. ಕಾಯಿಸಿದರೆ ತಾಮ್ರ ನಿಜಕ್ಕೂ ಮೆತ್ತಗಾಗುತ್ತದೆ, ಅವರ ಬುದ್ಧಿ ಸರಿಯೇ. ಆದರೂ ಹೊಸ ವಾಷರು ಸಿಗುವ ಊರಿನಲ್ಲಿ ಹೊಸದೇ ಮೇಲು.

ನಾಜಲ್ ಬುಡದಲ್ಲಿ ಡಾಂಬರಿನಂಥ ಕಪ್ಪು ಗಟ್ಟಿ ಕೂತಿದ್ದು, ಎಂಜಿನ್ ನಡೆಯುವಾಗ ‘ಚುಸ್ ಚುಸ್’ ಎಂದು ಸದ್ದು ಬರುತ್ತಿದ್ದರೆ ಅದು ಡೀಸೆಲ್ ಸೋರಿಕೆಯಲ್ಲ. ನಾಜಲ್ ಕೆಳಗಿನ ವಾಷರು ಹೋಗಿ ಒಳಗಿನ ಸುಟ್ಟ ಗಾಳಿ ಮೇಲೆ ಬರುತ್ತಿದೆ. ಬೇಗ ಸರಿಪಡಿಸದಿದ್ದರೆ ನಾಜಲ್ ಸುಟ್ಟು ಅಂಟಿಕೊಂಡು, ಕೀಳುವುದೇ ದೊಡ್ಡ ಕೆಲಸವಾಗುತ್ತದೆ.

ಈಗ ಈ ಪಾಠದ ಬಹುಮುಖ್ಯ ಭಾಗ. ಮೆಲ್ಲಗೆ ಓದಿ. ಪಂಪಿನಿಂದ ನಾಜಲ್‌ಗೆ ಹೋಗುವ ಉಕ್ಕಿನ ಪೈಪಿನಲ್ಲೋ ಅದರ ನಟ್ಟಿನಲ್ಲೋ ಕೂದಲೆಳೆಯಷ್ಟು ಸಂದು ಬಿದ್ದರೆ ಅಲ್ಲಿಂದ ಬರುವ ಡೀಸೆಲ್ ಕಣ್ಣಿಗೆ ಕಾಣದಷ್ಟು ಸಪೂರವಾಗಿರುತ್ತದೆ, ಇಲ್ಲವೇ ಮಂಜಿನಂತೆ ಕಾಣುತ್ತದೆ. ಅದು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಕೈಗವಸು ಹಾಕಿದ್ದರೂ ಅಷ್ಟೇ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗುರುತು; ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಒಳಗೆ ಡೀಸೆಲ್ ಬೆರಳಿನ ಉದ್ದಕ್ಕೂ ಹರಡಿ ಮಾಂಸವನ್ನು ಕೊಲ್ಲುತ್ತ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಕೊಯ್ದು ತೊಳೆಯದಿದ್ದರೆ ಬೆರಳು ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಹೀಗಾದರೆ ಅರಿಶಿಣ ಒತ್ತಿ ಕೂರಬೇಡಿ, ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಮನೆಗೂ ಹೋಗಬೇಡಿ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಆಗಲೇ ಹೊರಡಿ, ‘ಒತ್ತಡದ ಡೀಸೆಲ್ ಕೈಯೊಳಗೆ ಹೋಗಿದೆ’ ಎಂದು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ.

ಆದ್ದರಿಂದ ಎಂಜಿನ್ ಚಾಲೂ ಇರುವಾಗ ಈ ಪೈಪುಗಳ ಹತ್ತಿರ ಕೈಯಾಡಿಸಿ ಸೋರಿಕೆ ಹುಡುಕಬಾರದು. ಉದ್ದನೆಯ ರಟ್ಟಿನ ತುಂಡೊಂದನ್ನು ತುದಿಯಲ್ಲಿ ಹಿಡಿದು, ಮುಖ ದೂರವಿಟ್ಟು, ಪೈಪಿನ ಪಕ್ಕ ಸಾಗಿಸಿ. ಸೋರುವಲ್ಲಿ ರಟ್ಟು ಒದ್ದೆಯಾಗುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಹೊಸಬರು ಈ ಕೆಲಸವನ್ನು ಒಬ್ಬರೇ ಮಾಡುವುದು ಬೇಡ ಎಂಬುದು ನನ್ನ ಮಾತು.

ಹಳೆಯ ಪಂಪಿನ ಗಾಡಿಗಳ ಮೇಲೆ ಕಲಿತ ಮಿಸ್ತ್ರಿಗಳಿಗೆ ಒಂದು ರೂಢಿಯಿದೆ. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಎಂಜಿನ್ ನಡೆಯುತ್ತಿರುವಾಗಲೇ ಒಂದೊಂದು ನಾಜಲ್ ನಟ್ಟನ್ನು ಸ್ವಲ್ಪ ಸಡಿಲಿಸಿ ನೋಡುವುದು. ಆ ಕಾಲದ ಗಾಡಿಗೆ ಅದು ನಡೆದುಹೋಯಿತು. ಕಾಮನ್ ರೈಲಿನಲ್ಲಿ ಅದನ್ನು ಮಾಡಲೇಬಾರದು. ಎಂಜಿನ್ ನಿಂತ ಮೇಲೂ ರೈಲಿನ ಒತ್ತಡ ಇಳಿಯಲು ಕೆಲವು ನಿಮಿಷ ಕಾಯಬೇಕು. ಅನೇಕ ಕಂಪನಿಗಳು ಬಿಚ್ಚಿದ ಉಕ್ಕಿನ ಪೈಪನ್ನು ಮತ್ತೆ ಹಾಕದೆ ಹೊಸದೇ ಹಾಕಿ ಎನ್ನುತ್ತವೆ, ಏಕೆಂದರೆ ಅದರ ತುದಿ ಒಮ್ಮೆ ಕೂತ ಜಾಗಕ್ಕೆ ಹೊಂದಿ ಒತ್ತಿಹೋಗಿರುತ್ತದೆ. ಹಿರಿಯ ಉಸ್ತಾದರಿಗೆ ಎದುರು ಮಾತಾಡುವುದು ನಮ್ಮಲ್ಲಿ ಕಷ್ಟ. ಈ ಒಂದು ವಿಷಯದಲ್ಲಿ ಮಾತ್ರ ‘ಉಸ್ತಾದ್, ಇದು ಕಾಮನ್ ರೈಲ್ ಅದ, ಗಾಡಿ ಬಂದ್ ಮಾಡ್ರಿ’ ಎಂದು ಹೇಳಲು ನಾಚಬೇಡಿ.

ಬೆಂಕಿಯ ಮಾತೂ ಇಲ್ಲೇ ಬರಲಿ. ಪೆಟ್ರೋಲಿನಂತೆ ಡೀಸೆಲ್ ಕಿಡಿಗೆ ಭಗ್ಗೆನ್ನುವುದಿಲ್ಲ, ಅದಕ್ಕೇ ಜನಕ್ಕೆ ಸಲಿಗೆ ಹೆಚ್ಚು. ಆದರೆ ಇನ್ನೂರರಿಂದ ಇನ್ನೂರೈವತ್ತು ಡಿಗ್ರಿ ಕಾದ ಲೋಹಕ್ಕೆ ತಗುಲಿದರೆ ಕಿಡಿಯೇ ಬೇಕಿಲ್ಲ, ತಾನಾಗಿ ಹೊತ್ತಿಕೊಳ್ಳಬಹುದು. ಹೊಗೆ ಹೋಗುವ ಮ್ಯಾನಿಫೋಲ್ಡ್, ಟರ್ಬೊ ಇದಕ್ಕಿಂತ ಬಹಳ ಹೆಚ್ಚು ಕಾಯುತ್ತವೆ. ಅವುಗಳ ಮೇಲೆ ಡೀಸೆಲ್ ಬೀಳುತ್ತಿದ್ದರೆ ಅಥವಾ ಮಂಜಿನಂತೆ ಚಿಮ್ಮುತ್ತಿದ್ದರೆ ‘ಯಾದಗಿರಿಗೆ ಹೋಗಿ ತೋರಿಸಿದರಾಯಿತು’ ಎನ್ನದೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಗ್ಯಾರೇಜಿನಲ್ಲಿ ಬೀಡಿ ಸೇದುತ್ತ ಬಗ್ಗಿ ನೋಡುವವರನ್ನು ದೂರ ಕಳಿಸಿ.

ಹೊರಗೆ ಒಂದು ಹನಿಯೂ ಕಾಣದ ಸೋರಿಕೆಗಳಿವೆ. ಟಾಕಿಯಿಂದ ಪಂಪೇ ಡೀಸೆಲ್ ಎಳೆದುಕೊಳ್ಳುವ ಗಾಡಿಗಳಲ್ಲಿ, ಆ ಪೈಪಿನಲ್ಲಿ ಬಿರುಕಿದ್ದರೆ ಎಂಜಿನ್ ನಡೆಯುವಾಗ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ರಾತ್ರಿ ನಿಂತಾಗ ಡೀಸೆಲ್ ಹಿಂದಕ್ಕೆ ಟಾಕಿಗೆ ಜಾರುತ್ತದೆ. ಬೆಳಿಗ್ಗೆ ಸೆಲ್ಫು ಎಷ್ಟು ಹೊಡೆದರೂ ಗಾಡಿ ಹತ್ತುವುದಿಲ್ಲ, ಫಿಲ್ಟರಿನ ಬಳಿಯ ಕೈಪಂಪು ಒತ್ತಿದರೆ ಹತ್ತುತ್ತದೆ; ‘ಏರ್ ಹಿಡಿದಿದೆ’ ಎನ್ನುವುದು ಇದನ್ನೇ. ಫಿಲ್ಟರಿನಿಂದ ಪಂಪಿಗೆ ಹೋಗುವಲ್ಲಿ ತಾತ್ಕಾಲಿಕವಾಗಿ ಪಾರದರ್ಶಕ ಪೈಪಿನ ತುಂಡು ಹಾಕಿ ಎಂಜಿನ್ ನಡೆಸಿದರೆ ಗುಳ್ಳೆಗಳು ಸಾಲಾಗಿ ಓಡುವುದು ಕಾಣುತ್ತದೆ. ಗುಳ್ಳೆ ಕಂಡರೆ ತೊಂದರೆ ಅಲ್ಲಿಂದ ಹಿಂದೆ, ಟಾಕಿಯ ಕಡೆಗೆ. ಬ್ಯಾಟರಿ ಬದಲಿಸಿ, ಸೆಲ್ಫ್ ಮೋಟರ್ ಬಿಚ್ಚಿಸಿ, ದುಡ್ಡು ಸುರಿದ ಮೇಲೆ ಒಂದು ಕ್ಲಿಪ್ಪು ಸಡಿಲವಿದ್ದದ್ದು ಗೊತ್ತಾಗುವುದು ಅಪರೂಪವೇನಲ್ಲ.

ಇನ್ನೊಂದು ಹೆಚ್ಚು ಕೆಟ್ಟದ್ದು. ಎಂಜಿನ್ನಿಗೆ ಕೂಡಿಕೊಂಡ ಪಂಪಿನ ಒಳಸೀಲು ಹೋದರೆ ಡೀಸೆಲ್ ಎಂಜಿನ್ ಆಯಿಲಿಗೆ ಬೆರೆಯುತ್ತದೆ. ಆಯಿಲ್ ಕಡ್ಡಿ ತೆಗೆದು ನೋಡಿ. ಮಟ್ಟ ಇಳಿಯಬೇಕಾದದ್ದು ಏರಿದೆಯೇ? ಆಯಿಲ್ ನೀರಾಗಿ, ಡೀಸೆಲ್ ವಾಸನೆ ಬರುತ್ತಿದೆಯೇ? ಹಾಗಿದ್ದರೆ ಗಾಡಿ ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ. ಮಟ್ಟ ಬಹಳ ಏರಿದರೆ ಎಂಜಿನ್ ತನ್ನ ಆಯಿಲನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಕಿರುಚುವ ಸ್ಥಿತಿ ಬರಬಹುದು. ಬಿಎಸ್ 6 ಗಾಡಿಗಳಲ್ಲಿ ಹೊಗೆ ಸೋಸುವ ಫಿಲ್ಟರನ್ನು ಸುಟ್ಟು ಶುಚಿ ಮಾಡುವಾಗಲೂ ಸ್ವಲ್ಪ ಡೀಸೆಲ್ ಆಯಿಲಿಗೆ ಸೇರುವುದುಂಟು, ಅದು ಬೇರೆ ಕತೆ.

ಹಿಂಭಾಗದ ಸೋರಿಕೆ ಸರಳ. ಬಂಕಿನಲ್ಲಿ ತುಂಬಿಸುವಾಗಲೇ ಕೆಳಗೆ ಸುರಿದರೆ ಮುಚ್ಚಳದಿಂದ ಟಾಕಿಗೆ ಹೋಗುವ ದಪ್ಪ ರಬ್ಬರ್ ಪೈಪು ನೋಡಿ. ಫುಲ್ ಟ್ಯಾಂಕ್ ಇದ್ದಾಗ ಮಾತ್ರ ಸೋರಿದರೆ ಟಾಕಿಯ ತಲೆಯ ಮೇಲಿರುವ ಗೇಜಿನ ಸೀಲು. ಯಾದಗಿರಿಯಿಂದ ಭೀಮಾ ಸೇತುವೆ ದಾಟಿ ಶಹಾಪುರದವರೆಗೆ ಏನೂ ತೋರಿಸದ ಗಾಡಿ, ಗುಡ್ಡಗಳ ನಡುವಿನ ಸುರಪುರದಲ್ಲಿ ಏರಿನ ಮೇಲೆ ನಿಲ್ಲಿಸಿದಾಗ ತೊಟ್ಟಿಕ್ಕಲು ಶುರುಮಾಡಿದರೆ ಅದೂ ಇದೇ ಜಾತಿಯದು. ಓರೆಯಾದ ಟಾಕಿಯಲ್ಲಿ ಡೀಸೆಲ್ ಒಂದು ಬದಿಗೆ ಸರಿದು ಸೀಲಿನ ಮಟ್ಟ ಮುಟ್ಟಿರುತ್ತದೆ. ಬೇಸಿಗೆಯಲ್ಲಿ ಸೋರಿಕೆಯೇ ಅಲ್ಲದ ಸೋರಿಕೆಯೂ ಇದೆ. ಡೀಸೆಲ್ ಒಂದು ಡಿಗ್ರಿ ಕಾದರೆ ಸುಮಾರು ಶೇಕಡಾ 0.08ರಷ್ಟು ಹಿಗ್ಗುತ್ತದೆ. ಬಂಕಿನ ನೆಲದಡಿಯ ತಂಪು ಡೀಸೆಲನ್ನು 45 ಲೀಟರ್ ಟಾಕಿಗೆ ಕಂಠದವರೆಗೆ ತುಂಬಿಸಿ, ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿ ಹದಿನೈದು ಡಿಗ್ರಿ ಕಾಯಿಸಿದರೆ ಅರ್ಧ ಲೀಟರಿನಷ್ಟು ಹೆಚ್ಚುತ್ತದೆ. ಅದು ಎಲ್ಲಿಗೆ ಹೋಗಬೇಕು? ಬಂಕಿನ ನಾಜಲ್ ‘ಟಕ್’ ಎಂದು ನಿಂತ ಮೇಲೆ ರೌಂಡ್ ಫಿಗರ್ ಮಾಡಲೆಂದು ಮತ್ತೆ ಮತ್ತೆ ಒತ್ತಿಸುವುದನ್ನು ಬಿಡಿ, ಈ ಸೋರಿಕೆ ತಾನೇ ನಿಲ್ಲುತ್ತದೆ.

ಹೊಲದ ದಾರಿಯಲ್ಲಿ ಕಲ್ಲು ಬಡಿದು ಟಾಕಿಗೆ ಸಣ್ಣ ಸೀಳು ಬಿದ್ದರೆ ಡ್ರೈವರುಗಳು ಬಟ್ಟೆ ಒಗೆಯುವ ಸಾಬೂನನ್ನು ಒತ್ತಿ ತಿಕ್ಕಿ ಊರು ಮುಟ್ಟುತ್ತಾರೆ. ಈ ಉಪಾಯ ಕೆಲಸ ಮಾಡುತ್ತದೆ, ಸಾಬೂನು ಡೀಸೆಲ್‌ಗೆ ಕರಗುವುದಿಲ್ಲ. ಊರು ಮುಟ್ಟುವವರೆಗೆ ಮಾತ್ರ. ಖಾಲಿ ಮಾಡಿ ತೊಳೆಯದ, ಒಳಗೆ ಆವಿ ತುಂಬಿದ ಟಾಕಿಗೆ ವೆಲ್ಡಿಂಗ್ ಮಾಡಲು ಯಾರಾದರೂ ಒಪ್ಪಿಕೊಂಡರೆ ಅವರಿಂದ ಗಾಡಿ ವಾಪಸ್ ತನ್ನಿ. ಒತ್ತಡದ ಪೈಪಿಗೆ ಸಾಬೂನು, ಎಂ-ಸೀಲ್, ಟೇಪು ಯಾವುದೂ ನಡೆಯುವುದಿಲ್ಲ.

ಇನ್ನೂ ಗಾಡಿ ಕೊಳ್ಳದವರಿಗೆ ಒಂದು ಮಾತು. ಎಂಜಿನ್ ಕನ್ನಡಿಯಂತೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ, ಮಾರುವವರು ನಿಮ್ಮ ಸಾಕ್ಷಿಯನ್ನು ತೊಳೆದಿದ್ದಾರೆ ಎಂದುಕೊಳ್ಳಿ. ಕನಿಷ್ಠ ಅರ್ಧ ಗಂಟೆ ಓಡಿಸಿ, ಒಂದು ಏರು ಹತ್ತಿಸಿ, ಆಮೇಲೆ ಬಾನೆಟ್ ಎತ್ತಿ. ಸಾಧ್ಯವಿದ್ದರೆ ಗಾಡಿ ರಾತ್ರಿ ನಿಂತಿದ್ದ ಜಾಗವನ್ನು ಬೆಳಿಗ್ಗೆ ಹೋಗಿ ನೋಡಿ. ನೆಲ ಸುಳ್ಳು ಹೇಳುವುದಿಲ್ಲ.

ಗ್ಯಾರೇಜಿಗೆ ಹೋದಾಗ ‘ಕೆಳಗಿಂದ’ ಎನ್ನುವ ಬದಲು ‘ಮುಂದಿನ ಬಲ ಗಾಲಿಯ ಹಿಂದೆ ಹನಿ ಬೀಳ್ತದ್ರಿ, ರಾತ್ರಿ ನಿಂತಾಗ ಇಲ್ಲ, ಎಂಜಿನ್ ಕಾದ ಮೇಲೆ ಮಾತ್ರ, ಫಿಲ್ಟರ್ ಹೋದ ತಿಂಗಳು ಬದಲಿಸಿದ್ದು’ ಎಂದು ಹೇಳಿ. ನೀವು ಹಾಸಿದ ಪೇಪರನ್ನೂ ತೋರಿಸಿ. ಬಿಚ್ಚಿದ ಹಳೆಯ ಪೈಪು, ವಾಷರು ಕೈಗೆ ಕೇಳಿ ಪಡೆಯಿರಿ, ಬಿರುಕು ಎಲ್ಲಿತ್ತೆಂದು ಮಿಸ್ತ್ರಿಯಿಂದಲೇ ಬೆರಳಿಟ್ಟು ತೋರಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಆ ಜಾಗ ಒರೆಸಿಸಿ, ಶಹಾಪುರದಲ್ಲಿದ್ದರೆ ಭೀಮರಾಯನಗುಡಿಯವರೆಗೆ ಒಂದು ಸುತ್ತು ಓಡಿಸಿಕೊಂಡು ಬಂದು, ಬಂದ್ ಮಾಡಿ ಬಿಳಿ ಬಟ್ಟೆ ಮುಟ್ಟಿಸಿ ನೋಡಿ. ಬಟ್ಟೆ ಒಣಗಿದ್ದರೆ ದುಡ್ಡು ಕೊಡಿ.